ಕನ್ನಡದ ನಾಲಿಗೆಯೂ ಫ್ರೆಂಚ್ ಉಚ್ಚಾರಣೆಯೂ

ಹೊಸೂರು ಸೀಮೆಯ ಮಕ್ಕಳಿಗೆ ಹಲವು ನುಡಿಗಳ ಸಹವಾಸ ಹೊಸತಲ್ಲ. ಕನ್ನಡ, ತೆಲುಗು, ತಮಿಳುಗಳು ಇಲ್ಲಿ ಬಾಲ್ಯದಿಂದಲೇ ಕಿವಿಗೆ ಬೀಳುತ್ತವೆ. ಫ್ರಾನ್ಸ್ ದೇಶವೂ ನಮಗೆ ತೀರ ದೂರದ್ದಲ್ಲ. 1980ರ ದಶಕದಲ್ಲಿ ಹೊಸೂರಿನಲ್ಲಿ ಸ್ಥಾಪಿತವಾದ ಟೈಟನ್ ಕೈಗಡಿಯಾರ ಕಾರ್ಖಾನೆಗೆ ತಾಂತ್ರಿಕ ನೆರವು ದೊರೆತುದು ಅಲ್ಲಿಯ ಸಂಸ್ಥೆಯೊಂದರಿಂದ. ಆದರೂ ಕಾಲೇಜಿನಲ್ಲಿ ಫ್ರೆಂಚನ್ನು ಆರಿಸಿಕೊಂಡ ವಿದ್ಯಾರ್ಥಿಯು ವ್ಯಾಕರಣದಲ್ಲಿ ಪಳಗಿದ ಮೇಲೂ ಮಾತನಾಡಲು ಅಳುಕುವುದುಂಟು. ಕನ್ನಡ ಮಾಧ್ಯಮದಲ್ಲಿ ಓದಿದುದೇ ಇದಕ್ಕೆ ಕಾರಣವೆಂದು ತಂದೆತಾಯಿಗಳು ಭಾವಿಸುವುದೂ ಉಂಟು. ಇದು ಸರಿಯಲ್ಲ. ಕನ್ನಡವು ಇಲ್ಲಿ ತೊಡಕಲ್ಲ, ಮೂಲಧನ.

ಫ್ರೆಂಚರ ಪ, ತ, ಕಗಳು ನಮ್ಮವುಗಳಂತೆ ಅಲ್ಪಪ್ರಾಣಗಳು. ಇಂಗ್ಲಿಷರಂತೆ ಪದದ ಆದಿಯಲ್ಲಿ ಅವನ್ನು ಉಸಿರೂದಿ ನುಡಿಯುವುದಿಲ್ಲ. ಅವರ ತ, ದಗಳೂ ನಮ್ಮವುಗಳಂತೆ ದಂತ್ಯಗಳು. ಮೇಜನ್ನು ಅವರು ‘ತಾಬ್ಲ್’ ಎನ್ನುವರು. ಇಂಗ್ಲಿಷಿನ ರೂಢಿಯಿಂದ ‘ಟ’ಕಾರ ತಂದರೆ ಕೈಯಲ್ಲಿದ್ದ ಲಾಭವನ್ನು ಚೆಲ್ಲಿದಂತೆ. ಇನ್ನು ಸಂಧಿ. ‘ಮನೆ’, ‘ಅಲ್ಲಿ’ ಸೇರುವಾಗ ನಡುವೆ ಯಕಾರ ಬರುವುದನ್ನು ನಾವು ಬಲ್ಲೆವು. ‘ಗೆಳೆಯರು’ ಎನ್ನಲು ಫ್ರೆಂಚಿನಲ್ಲಿ ‘ಲೆ’, ‘ಅಮಿ’ ಎಂಬೆರಡು ಪದಗಳು ಸೇರುವಾಗ, ಮೊದಲನೆಯದರ ಕೊನೆಯಲ್ಲಿ ಬರೆದಿದ್ದೂ ಉಚ್ಚರಿಸದ ವ್ಯಂಜನವು ಎಚ್ಚತ್ತು ‘ಲೆಜ಼ಮಿ’ ಆಗುತ್ತದೆ.

ಬಿಡಬೇಕಾದ ಅಭ್ಯಾಸಗಳೂ ಇವೆ. ‘ಬಸ್’ ಎಂಬುದನ್ನು ‘ಬಸ್ಸು’ ಮಾಡುವ ನಾವು, ಏಳು ಎಂಬರ್ಥದ ‘ಸೆತ್’ ಪದವನ್ನೂ ‘ಸೆತ್ತು’ ಮಾಡಿಬಿಡುತ್ತೇವೆ. ಕಡೆಯ ಉಕಾರವನ್ನು ತಡೆಯಬೇಕು. ‘ಅಂಗಡಿ’ ಎನ್ನುವಾಗ ನಮ್ಮ ಬಿಂದುವು ಙಕಾರವಾಗುತ್ತದೆ. ಫ್ರೆಂಚಿನ ಅನುನಾಸಿಕದಲ್ಲಾದರೋ ನಾಲಿಗೆ ಅಂಗುಳನ್ನು ಮುಟ್ಟದು, ತುಟಿಯೂ ಮುಚ್ಚದು. ಸ್ವರವೇ ಬಾಯಿ ಮೂಗುಗಳೆರಡರಿಂದಲೂ ಹೊಮ್ಮುತ್ತದೆ.

ಹೊಸದಾಗಿ ಕಲಿಯಬೇಕಾದವು ಕೆಲವೇ. ‘ಈ’ ಎನ್ನುತ್ತ ನಾಲಿಗೆಯನ್ನು ಕದಲಿಸದೆ, ತುಟಿಗಳನ್ನು ಮಾತ್ರ ‘ಊ’ ಎನ್ನುವಂತೆ ದುಂಡಗೆ ಮಾಡಿರಿ. ಅವರ ವಿಶಿಷ್ಟ ಸ್ವರ ಹುಟ್ಟುತ್ತದೆ. ಅದಕ್ಕೆ ಬದಲಾಗಿ ‘ಊ’ ಎಂದರೆ ‘ಬೀದಿ’ ಎಂಬರ್ಥದ ಪದವು ‘ಗಾಲಿ’ ಎಂಬರ್ಥದ್ದಾಗುವುದು! ರೇಫವನ್ನು ನಾಲಿಗೆಯ ತುದಿಯಿಂದಲ್ಲ, ಹಿಂಭಾಗವನ್ನು ಕಿರುನಾಲಿಗೆಯ ಬಳಿಗೆ ಎತ್ತಿ ನುಡಿಯಬೇಕು. ಇದು ಕಷ್ಟವೆಂದು ಹೆದರಬೇಡಿರಿ. ಹಳಗನ್ನಡದಲ್ಲಿದ್ದು ಇಂದಿನ ಕನ್ನಡದಲ್ಲಿ ಉಳಿಯದ ೞಕಾರವನ್ನು ತಮಿಳರಿಂದ ಕೇಳಿ ಕಲಿತ ಮಕ್ಕಳು ನಮ್ಮಲ್ಲೇ ಇದ್ದಾರೆ.

ಸಾಧನೆಯ ಕ್ರಮ ಸರಳವಾದುದು. ಫ್ರೆಂಚರ ಮಾತನ್ನು ದಿನಕ್ಕೆ ಒಂದು ನಿಮಿಷದಷ್ಟು ಆರಿಸಿಕೊಂಡು, ಮತ್ತೆ ಮತ್ತೆ ಕೇಳಿ, ಅದರ ಬೆನ್ನಿಗೇ ನುಡಿಯಿರಿ. ನಿಮ್ಮ ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿ ಮೂಲದೊಡನೆ ಹೋಲಿಸಿರಿ. ವಾರಕ್ಕೆ ಒಂದೇ ದೋಷವನ್ನು ತಿದ್ದಿಕೊಳ್ಳಿರಿ. ಬಿಡಿ ಪದಗಳಿಗಿಂತ ಇಡೀ ವಾಕ್ಯಗಳನ್ನು ಅಭ್ಯಸಿಸಿರಿ. ಫ್ರೆಂಚಿನಲ್ಲಿ ಒತ್ತು ಬೀಳುವುದು ಪದಗುಚ್ಛದ ಕಡೆಯ ಅಕ್ಷರದ ಮೇಲೆ. ಗುರುಮುಖೇನ ಕಲಿಯಬಯಸುವವರಿಗೆ ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್ ಸಮೀಪದಲ್ಲೇ ಇದೆ.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ: ಮಗುವು ಕನ್ನಡವನ್ನು ಸ್ಪಷ್ಟವಾಗಿ, ಗಟ್ಟಿಯಾಗಿ ಓದುವಂತೆ ನೋಡಿಕೊಳ್ಳಿರಿ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನರಿತ ಕಿವಿಗೆ ಯಾವ ದೇಶದ ನುಡಿಯೂ ದುಸ್ಸಾಧ್ಯವಲ್ಲ.