ಸೇರಿಸುವುದು ಒಂದು, ಒಗ್ಗುವುದು ಒಂದು

ಕನ್ನಡದಲ್ಲಿ ‘ಸೇರು’ ಎಂಬ ಕ್ರಿಯಾಪದಕ್ಕೂ ‘ಸೇರಿಸು’ ಎಂಬುದಕ್ಕೂ ನಡುವೆ ಇರುವುದು ಒಂದು ಪ್ರತ್ಯಯ ಮಾತ್ರ. ಆದರೆ ಆ ಪ್ರತ್ಯಯ ಬಂದ ಕೂಡಲೇ ವಾಕ್ಯದಲ್ಲಿ ಇಬ್ಬರು ಮನುಷ್ಯರು ನಿಲ್ಲುತ್ತಾರೆ. ಮಗುವನ್ನು ಶಾಲೆಗೆ ಸೇರಿಸುತ್ತೇವೆ, ರೋಗಿಯನ್ನು ಆಸ್ಪತ್ರೆಗೆ ಸೇರಿಸುತ್ತೇವೆ, ಈಗೀಗ ತಂದೆತಾಯಿಯರನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತೇವೆ. ಮೂರರಲ್ಲಿಯೂ ನಿರ್ಧಾರ ಮಾಡುವವರು ಬೇರೆ, ಹೋಗಿ ಇರಬೇಕಾದವರು ಬೇರೆ. ಇದರ ಪಕ್ಕದಲ್ಲಿ ‘ಒಗ್ಗು’ ಎಂಬ ಪದವನ್ನು ಇಟ್ಟು ನೋಡಬೇಕು. ಹೊಸ ಊರಿನ ನೀರು ಒಗ್ಗಿತು, ಗಂಡನ ಮನೆ ಒಗ್ಗಿತು ಎನ್ನುತ್ತೇವೆ. ವ್ಯಾಕರಣದಲ್ಲಿ ‘ಒಗ್ಗಿಸು’ ಎಂಬ ರೂಪ ಉಂಟಾದರೂ ಬಾಳಿನಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಒಗ್ಗಲಾರರು.

ಎಂಬತ್ತಾರು ವರ್ಷದ ನನ್ನ ತಾಯಿ ಚಾಮರಾಜಪೇಟೆಯ ಮನೆಯನ್ನು ಬಿಟ್ಟು ಊರಿನ ಹೊರವಲಯದ ಒಂದು ನಿಲಯದಲ್ಲಿ ಇರತೊಡಗಿ ಹದಿನಾಲ್ಕು ತಿಂಗಳಾದವು. ಸೇರಿಸುವ ಕೆಲಸ ಒಂದು ಬೆಳಗಿನಲ್ಲಿ, ನಾಲ್ಕು ಸಹಿಗಳಲ್ಲಿ ಮುಗಿಯಿತು. ಒಗ್ಗುವ ಕೆಲಸ ಇನ್ನೂ ನಡೆದಿದೆ. ಈ ಎರಡರ ನಡುವಣ ಕಾಲದಲ್ಲಿ ಮನೆಯವರು ಮಾಡಬಹುದಾದದ್ದೇನು ಎಂಬುದೇ ಈ ಹೊತ್ತು ನಾನು ವಿಚಾರಿಸಬೇಕೆಂದಿರುವ ವಿಷಯ.

ಇಂಥ ಪ್ರಸಂಗ ಮನೆಮನೆಗೂ ಏಕೆ ಬಂದಿತೆಂದು ಕೇಳಿದರೆ, ಕಾಲ ಕೆಟ್ಟಿತು, ಮಕ್ಕಳಲ್ಲಿ ಕರುಣೆ ಬತ್ತಿತು ಎಂಬ ಉತ್ತರ ಸುಲಭವಾಗಿ ದೊರೆಯುತ್ತದೆ. ಅಂಕಿಗಳು ಹೇಳುವ ಮಾತು ಬೇರೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ದೇಶದ ಸರಾಸರಿ ಆಯುರ್ಮಾನ 32 ವರ್ಷಗಳ ಆಸುಪಾಸಿನಲ್ಲಿತ್ತು. ಈಗ ಅದು 70ರ ಹತ್ತಿರ ಇದೆ. ಹಿಂದೆ ಯಾರೂ ಮುದುಕರಾಗುತ್ತಿರಲಿಲ್ಲ ಎಂದು ಇದರ ಅರ್ಥವಲ್ಲ. ಎಳೆಯ ಮಕ್ಕಳ ಸಾವು ಆ ಸರಾಸರಿಯನ್ನು ಕೆಳಕ್ಕೆ ಎಳೆದಿತ್ತು. ಆದರೂ ಮುಪ್ಪನ್ನು ಮುಟ್ಟುವವರ ಸಂಖ್ಯೆ ಬೆಳೆದಿರುವುದು ನಿಜ. 2011ರ ಜನಗಣತಿಯ ಪ್ರಕಾರ ಅರವತ್ತು ದಾಟಿದವರು ದೇಶದ ಜನಸಂಖ್ಯೆಯಲ್ಲಿ ಶೇಕಡಾ 8.6, ಕರ್ನಾಟಕದಲ್ಲಿ ಶೇಕಡಾ 9.5. ಇನ್ನೊಂದು ಮಾತೂ ಉಂಟು. ಎಂಬತ್ತಾರರ ತಾಯಿಯನ್ನು ಎತ್ತಿ ಕೂರಿಸಬೇಕಾದ ಮಗನಿಗೆ ಅರವತ್ತೊಂದು, ಸೊಸೆಗೆ ಮೊಣಕಾಲು ನೋವು. ಮುದುಕರನ್ನು ಮುದುಕರೇ ನೋಡಿಕೊಳ್ಳಬೇಕಾದ ಕಾಲ ಇದು.

ಹಳೆಯ ಮನೆಗಳನ್ನೂ ಈ ಕಣ್ಣಿನಿಂದ ನೋಡಬೇಕು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಬಡಾವಣೆಗಳು. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನಿಂದ ಅನೇಕ ಕುಟುಂಬಗಳನ್ನು ಈ ಕಡೆಗೆ ತಂದಿತು. ಬೀದಿಗೆ ಜಗಲಿ, ನಡುವೆ ಹಜಾರ, ಹಿಂದೆ ಅಡಿಗೆಮನೆ, ಹಿತ್ತಿಲ ಕೊನೆಯಲ್ಲಿ ಪಾಯಖಾನೆ: ಅಂದಿನ ಮನೆಗಳು ಬಹುಮಟ್ಟಿಗೆ ಈ ಬಗೆಯವು. ಜಗಲಿ ಮುಪ್ಪಿಗೆ ಹೇಳಿ ಮಾಡಿಸಿದ ಜಾಗ. ಬೀದಿಯೇ ಅಲ್ಲಿ ಮುದುಕರನ್ನು ಮಾತಾಡಿಸಿಕೊಂಡು ಹೋಗುತ್ತಿತ್ತು. ಆದರೆ ಎತ್ತರದ ಹೊಸ್ತಿಲು, ನುಣುಪಾದ ಕೆಂಪು ನೆಲ, ರಾತ್ರಿ ಹಿತ್ತಿಲವರೆಗಿನ ನಡಿಗೆ ಮುಪ್ಪಿಗೆ ಶತ್ರುಗಳು. ಹಾಗಿದ್ದೂ ಹಿರಿಯರು ಅಲ್ಲಿ ಹೇಗೆ ಬಾಳಿದರು? ‘ಹಿಂದೆ ಮನೆಯಲ್ಲಿಯೇ ನೋಡಿಕೊಳ್ಳುತ್ತಿದ್ದರು’ ಎಂದು ನಾವು ಹೇಳುವ ವಾಕ್ಯದಲ್ಲಿ ಕರ್ತೃಪದ ಅಧ್ಯಾಹಾರವಾಗಿದೆ. ಅದನ್ನು ಬಿಡಿಸಿ ಬರೆದರೆ ಅಲ್ಲಿ ಕಾಣುವುದು ಸೊಸೆ, ಇಲ್ಲವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳು. ಅವರ ದುಡಿಮೆಗೆ ಲೆಕ್ಕವಿರಲಿಲ್ಲ, ಅವರನ್ನು ಯಾರೂ ಕೇಳಿರಲೂ ಇಲ್ಲ. ಆ ವ್ಯವಸ್ಥೆ ಮುರಿದುದಕ್ಕೆ ಅಳುವವರು ಅದರ ಭಾರ ಹೊತ್ತವರು ಯಾರೆಂಬುದನ್ನೂ ನೆನೆಯಬೇಕು.

ವೃದ್ಧರ ನಿಲಯಗಳೂ ಬೆಂಗಳೂರಿಗೆ ನಿನ್ನೆ ಮೊನ್ನೆ ಬಂದವಲ್ಲ. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಝಾನ್ ಝುಗಾನ್ ಎಂಬಾಕೆ ಕಣ್ಣು ಕಾಣದ ಮುದುಕಿಯೊಬ್ಬಳನ್ನು ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅಲ್ಲಿಂದ ಬೆಳೆದ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಂಘದವರು ನಮ್ಮ ಹೊಸೂರು ರಸ್ತೆಯಲ್ಲಿ ನಡೆಸುವ ಆಶ್ರಯಧಾಮಕ್ಕೆ ನೂರು ವರ್ಷ ದಾಟಿದೆ. ಬಸವನಗುಡಿಗೆ ಹತ್ತಿರದ ವಿಶ್ವೇಶ್ವರಪುರದಲ್ಲಿ ಅಶಕ್ತ ಪೋಷಕ ಸಭೆ ಇದೆ. ಅದರ ಹೆಸರೇ ಅದರ ಉದ್ದೇಶವನ್ನು ಸಾರುತ್ತದೆ. ಇಂಥವು ಮುಖ್ಯವಾಗಿ ದಿಕ್ಕಿಲ್ಲದವರಿಗಾಗಿ ಹುಟ್ಟಿದವು. ಈಗ ದಿಕ್ಕು ಇದ್ದೂ, ಮಕ್ಕಳು ಇದ್ದೂ, ಹಣ ತೆತ್ತು ಇರುವವರ ನಿಲಯಗಳು ಬಂದಿವೆ. ಮರೆವಿನ ಕಾಯಿಲೆಯವರಿಗೆಂದೇ ಮೀಸಲಾದವೂ ಇವೆ. 1998ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ಕ್ಷೇತ್ರದಲ್ಲಿ ಮೊದಮೊದಲು ಕೆಲಸ ಮಾಡಿದ ಸಂಸ್ಥೆಗಳಲ್ಲಿ ಒಂದು. ಈಚಿನ ಅಧ್ಯಯನವೊಂದು ಅರವತ್ತು ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಮಂದಿ ಇಂಥ ಮರೆವಿನ ಕಾಯಿಲೆಯುಳ್ಳವರೆಂದು ಅಂದಾಜು ಮಾಡಿದೆ. ಇಷ್ಟು ಜನರನ್ನು ಮನೆಯವರ ಪ್ರೀತಿಯೊಂದೇ ಕಾಯಲಾರದು.

ನಿಲಯ ಬೇಕು ಎಂದು ಒಪ್ಪಿದ ಮೇಲೆ, ಅಲ್ಲಿಗೆ ಹೋಗುವವರ ಪಾಲಿಗೆ ಅದು ಏನಾಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ಯೋಚಿಸತಕ್ಕ ಸಾಮಗ್ರಿ ಉಂಟು. ಕುಮಾರವ್ಯಾಸನು ಹತ್ತು ಪರ್ವಗಳಿಗೇ ನಿಲ್ಲಿಸಿದುದರಿಂದ ನಮ್ಮ ಗಮಕದ ಸಭೆಗಳು ಈ ಭಾಗವನ್ನು ಮುಟ್ಟುವುದು ಅಪರೂಪ. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರನು ಹದಿನೈದು ವರ್ಷ ಧರ್ಮರಾಯನ ಆಶ್ರಯದಲ್ಲಿಯೇ ಇದ್ದನು. ಉಪಚಾರದಲ್ಲಿ ಕೊರತೆಯಿರಲಿಲ್ಲ, ಭೀಮನ ಚುಚ್ಚುಮಾತು ಮಾತ್ರ ಇತ್ತು. ಕೊನೆಗೆ ಅವನೇ ಕಾಡಿಗೆ ಹೋಗುವೆನೆಂದನು. ಕುಂತಿಗಂತೂ ಚುಚ್ಚುಮಾತಿನ ಕಾರಣವೂ ಇರಲಿಲ್ಲ. ಮಕ್ಕಳು ಬೇಡಿಕೊಂಡರೂ ನಿಲ್ಲದೆ ಗಾಂಧಾರಿಯ ಜೊತೆಗೆ ಹೊರಟಳು. ಆಮೇಲೆ ಪಾಂಡವರು ಪರಿವಾರಸಹಿತರಾಗಿ ಕಾಡಿಗೆ ಹೋಗಿ ಹಿರಿಯರನ್ನು ಕಂಡರು. ಇಲ್ಲಿ ಗಮನಿಸಬೇಕಾದವು ಎರಡು: ಹೋಗುವ ನಿರ್ಧಾರ ಹೋಗುವವರದೇ ಆಗಿತ್ತು, ಉಳಿದವರು ಹೋಗಿ ನೋಡುವುದನ್ನು ಬಿಡಲಿಲ್ಲ. ವಾನಪ್ರಸ್ಥದಿಂದ ವೃದ್ಧಾಶ್ರಮವು ‘ಆಶ್ರಮ’ ಎಂಬ ಪದವನ್ನು ಎರವಲು ಪಡೆದಿದೆ. ಈ ಎರಡು ಅಂಶಗಳನ್ನೂ ಪಡೆದಿದೆಯೇ ಎಂಬುದೇ ಪ್ರಶ್ನೆ.

ನಿರ್ಧಾರ ಕೈಯಲ್ಲಿರುವುದಕ್ಕೂ ದೇಹದ ಆರೋಗ್ಯಕ್ಕೂ ಸಂಬಂಧವಿದೆಯೇ ಎಂದು ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರಾಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧರ ನಿಲಯದಲ್ಲಿ ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ಒಂದು ಅಂತಸ್ತಿನವರಿಗೆ, ‘ನಿಮ್ಮ ಕೋಣೆ ಹೇಗಿರಬೇಕು, ನಿಮ್ಮ ಹೊತ್ತು ಹೇಗೆ ಕಳೆಯಬೇಕು ಎಂಬುದು ನಿಮ್ಮ ಕೈಯಲ್ಲಿದೆ’ ಎಂದು ತಿಳಿಸಿ, ಒಂದೊಂದು ಗಿಡ ಕೊಟ್ಟು ನೀವೇ ನೋಡಿಕೊಳ್ಳಿ ಎಂದರು. ಇನ್ನೊಂದು ಅಂತಸ್ತಿನವರಿಗೂ ಗಿಡ ಕೊಟ್ಟರು. ಆದರೆ ನೀರು ಹಾಕುವವರು ದಾದಿಯರು, ನಿಮ್ಮ ಸುಖ ನಮ್ಮ ಹೊಣೆ ಎಂದರು. ಮೂರು ವಾರಗಳಲ್ಲಿಯೇ ಮೊದಲನೆಯ ಗುಂಪಿನವರು ಹೆಚ್ಚು ಲವಲವಿಕೆಯಿಂದಿರುವುದು ಕಂಡುಬಂದಿತು. ಹದಿನೆಂಟು ತಿಂಗಳ ಮೇಲೆ ನೋಡಿದಾಗ ಆ ಗುಂಪಿನಲ್ಲಿ ಶೇಕಡಾ 15 ಮಂದಿ, ಎರಡನೆಯದರಲ್ಲಿ ಶೇಕಡಾ 30 ಮಂದಿ ತೀರಿಕೊಂಡಿದ್ದರು. ಇದು ನೂರು ಜನಕ್ಕಿಂತ ಕಡಮೆ ಮಂದಿಯ ಮೇಲೆ ನಡೆದ ಸಣ್ಣ ಪರೀಕ್ಷೆ. ಸಾವಿನ ಅಂಕಿಗಳ ಮೇಲೆ ಹೆಚ್ಚು ಭಾರ ಹಾಕಬಾರದು. ಆದರೂ ಎರಡು ಅಂತಸ್ತುಗಳ ನಡುವಿನ ಭೇದವನ್ನು ಯೋಚಿಸಿ. ಊಟ, ಔಷಧಿ, ಹಾಸಿಗೆ ಎರಡು ಕಡೆಯೂ ಒಂದೇ. ನಡುವೆ ಇದ್ದ ಅಂತರ ಒಂದು ಚೆಂಬು ನೀರನ್ನು ಯಾರು ಹಾಕಬೇಕು ಎಂಬಷ್ಟು.

ನಮ್ಮ ಮನೆಯ ಪ್ರಸಂಗದಲ್ಲಿ ಈ ತತ್ತ್ವ ಎಲ್ಲೆಲ್ಲಿ ಉಪಯೋಗಕ್ಕೆ ಬಂದಿತೆಂಬುದನ್ನು ಹೇಳುತ್ತೇನೆ. ಎರಡು ಸಲ ಬಿದ್ದು, ತಿಂಗಳಿಗೊಬ್ಬರಂತೆ ಹೋಂ ನರ್ಸುಗಳು ಬದಲಾಗಿ, ರಾತ್ರಿಯ ಆಸರೆ ಅನಿವಾರ್ಯವಾದ ಮೇಲೆ, ಅಮ್ಮ ಮೂರು ನಿಲಯಗಳನ್ನು ತಾವೇ ನೋಡಿದರು. ಒಂದರಲ್ಲಿ ಹತ್ತು ದಿನ ಇದ್ದು ಬಂದು, ಆಮೇಲೆ ಒಪ್ಪಿದರು. ತೋಟ ಕಾಣುವ ಕೋಣೆಯನ್ನು ತೋರಿಸಿದಾಗ ಅದನ್ನು ಬಿಟ್ಟು ರಸ್ತೆಯ ಬಸ್ಸು ಕಾಣುವ ಕೋಣೆಯನ್ನು ಆರಿಸಿಕೊಂಡರು. ಅರವತ್ತು ವರ್ಷ ಚಾಮರಾಜಪೇಟೆಯ ಬೀದಿಯನ್ನು ನೋಡಿದ ಕಣ್ಣಿಗೆ ಗುಲಾಬಿ ಗಿಡ ಎಷ್ಟು ಹೊತ್ತಿನ ಸಂಗಾತಿ?

ಎರಡನೆಯದು ವೇಳೆ. ಅಲ್ಲಿ ಕಾಫಿ ಆರೂವರೆಗೆ. ಅಮ್ಮ ಏಳುವುದು ನಾಲ್ಕೂವರೆಗೆ. ಎರಡು ಗಂಟೆ ಕತ್ತಲಲ್ಲಿ ಕಾಯುವುದು ಕಾರಾಗೃಹದ ಲಕ್ಷಣ. ಸಣ್ಣದೊಂದು ಫಿಲ್ಟರನ್ನು ಒಯ್ದು, ರಾತ್ರಿಯೇ ಡಿಕಾಕ್ಷನ್ ಇಳಿಸಿಟ್ಟು, ಫ್ಲಾಸ್ಕಿನಲ್ಲಿ ಹಾಲು ಇಟ್ಟುಕೊಳ್ಳಲು ಅನುಮತಿ ಪಡೆಯಲು ಮೂರು ವಾರ ಹಿಡಿಯಿತು. ಆ ಲೋಟ ಕಾಫಿಯನ್ನು ಬೆರೆಸಿಕೊಳ್ಳುವುದು ಈಗ ಅವರ ದಿನದ ಮೊದಲ ಸ್ವತಂತ್ರ ಕಾರ್ಯ.

ಮೂರನೆಯದು ಹೆಸರು. ನಿಲಯದಲ್ಲಿ ಎಲ್ಲರೂ ‘ಅಜ್ಜಿ’ ಆಗಿಬಿಡುತ್ತಾರೆ. ಅದರಲ್ಲಿ ಅಕ್ಕರೆಯಿದೆ, ನಿಜ. ಆದರೆ ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರನ್ನು ಆ ಪದ ಅಳಿಸಿಹಾಕುತ್ತದೆ. ನಾವು ಕೇಳಿಕೊಂಡ ಮೇಲೆ ಆಯಾಗಳು ‘ಟೀಚರಮ್ಮ’ ಎಂದು ಕರೆಯತೊಡಗಿದರು. ಪರಿಣಾಮವಾಗಿ, ಅವರೆಲ್ಲ ಸೇರಿ ನಡೆಸುವ ಚೀಟಿಯ ಲೆಕ್ಕ ಈಗ ಅಮ್ಮನ ಮೇಜಿನ ಮೇಲಿದೆ.

ನಾಲ್ಕನೆಯದು ಬೀಗದ ಕೈ. ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಕೇಳುವವರಿಗೆ ಚಾಮರಾಜಪೇಟೆಯಲ್ಲಿ ಕಡಮೆಯಿಲ್ಲ. ನಿಲಯದ ವೆಚ್ಚವೂ ಸಣ್ಣದಲ್ಲ. ಆದರೂ ಮನೆ ಅಮ್ಮನ ಹೆಸರಿನಲ್ಲಿಯೇ ಇದೆ, ಬೀಗದ ಕೈ ಅವರ ಬಳಿಯೇ ಇದೆ. ಮುಂಭಾಗದ ಬಾಡಿಗೆಯ ಪುಸ್ತಕವನ್ನು ತಿಂಗಳಿಗೊಮ್ಮೆ ಒಯ್ದು ಒಪ್ಪಿಸುತ್ತೇನೆ. ಅವರು ತಾಳೆ ನೋಡಿ ಸಹಿ ಹಾಕುತ್ತಾರೆ.

ಈ ಸಂದರ್ಭದಲ್ಲಿ ಕಾನೂನಿನ ಮಾತನ್ನೂ ತಿಳಿದಿರಬೇಕು. 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮದ ಪ್ರಕಾರ, ಜೀವನಾಂಶ ಬೇಕಾದ ಹಿರಿಯರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ನೇರವಾಗಿ ಅರ್ಜಿ ಕೊಡಬಹುದು. ಅದರ 23ನೆಯ ಕಲಮು ಇನ್ನೂ ಮುಖ್ಯವಾದುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ದಾನವಾಗಿ ಬರೆದುಕೊಟ್ಟಿದ್ದು, ಪಡೆದವರು ನೋಡಿಕೊಳ್ಳದೆ ಹೋದರೆ, ಆ ದಾನಪತ್ರವನ್ನು ರದ್ದುಮಾಡಿಸಬಹುದು. ಆದ್ದರಿಂದ ಆ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸುವುದು ವಿವೇಕ. ಸಲಹೆಗಾಗಿ, ದೂರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಕಾನೂನು ಅನ್ನವನ್ನು ಕೊಡಿಸಬಲ್ಲದು. ಯಾವ ಹೊತ್ತಿನಲ್ಲಿ ಯಾವ ಅನ್ನ ಎಂಬುದನ್ನು ಮನೆಯವರೇ ವಿಚಾರಿಸಬೇಕು.

ಮರೆವು ಮುಂದುವರಿದವರ ಪ್ರಸಂಗದಲ್ಲಿ ಇಷ್ಟೆಲ್ಲ ಸಾಧ್ಯವೇ ಎಂದು ಕೇಳಬಹುದು. ಸಾಧ್ಯವಾಗುವಷ್ಟು ಕಿರಿದುಮಾಡಿಕೊಳ್ಳಬೇಕು. ಎರಡು ಸೀರೆಗಳನ್ನು ಮುಂದೆ ಹಿಡಿದು ಯಾವುದು ಎಂದು ಕೇಳುವುದೂ ಒಂದು ಅಧಿಕಾರವನ್ನು ಉಳಿಸಿದಂತೆಯೇ.

ಭೇಟಿಯ ವಿಷಯದಲ್ಲಿ ನಮ್ಮ ಅನುಭವ ಇದು: ಹೊತ್ತು ಗೊತ್ತಿಲ್ಲದೆ ಆಗಾಗ ಹೋಗುವುದಕ್ಕಿಂತ ಗೊತ್ತಾದ ದಿನ ತಪ್ಪದೆ ಹೋಗುವುದು ಮೇಲು. ಬುಧವಾರ ನನ್ನ ಹೆಂಡತಿ, ಭಾನುವಾರ ನಾನು. ಶನಿವಾರ ರಾತ್ರಿ ಸಿಯಾಟಲಿನಿಂದ ತಂಗಿಯ ಕರೆ. ದಿನ ಗೊತ್ತಿದ್ದರೆ ಅದಕ್ಕಾಗಿ ಮಾತು ಕೂಡಿಟ್ಟುಕೊಳ್ಳುತ್ತಾರೆ. 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಕಛೇರಿಗಳು ಕೋಟೆ ಹೈಸ್ಕೂಲಿನ ಮೈದಾನದಿಂದ ನಮ್ಮ ಜಗಲಿಯವರೆಗೆ ಕೇಳಿಸುತ್ತಿದ್ದವು. ಈ ವರ್ಷ ಒಂದು ಸಂಜೆ ಅಮ್ಮನನ್ನು ಅಲ್ಲಿಗೆ ಕರೆದೊಯ್ದೆವು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ, ಗದ್ದಲ ಇಳಿದ ಮೇಲೆ, ಬಸವನಗುಡಿಯಲ್ಲಿ ಒಂದು ಸುತ್ತು ಹಾಕಿಸಿದೆವು. ಹೀಗೆ ಹೊರಗೆ ಕರೆತಂದರೆ ಮರಳಿ ಹೋಗುವುದು ಕಷ್ಟವಾಗುತ್ತದೆ ಎಂದು ಕೆಲವರು ಎಚ್ಚರಿಸಿದ್ದರು. ಕಷ್ಟವಾಗುತ್ತದೆ, ನಿಜ. ಆದರೆ ಊರಿನ ಲೆಕ್ಕದಿಂದ ತಮ್ಮ ಹೆಸರು ತೆಗೆದಿಲ್ಲ ಎಂಬ ತಿಳಿವಳಿಕೆಗೆ ಆ ಕಷ್ಟ ತಕ್ಕ ಬೆಲೆ.

‘ಮನೆಗೆ ಯಾವಾಗ?’ ಎಂಬ ಪ್ರಶ್ನೆ ಇನ್ನೂ ನಿಂತಿಲ್ಲ. ಮುಂದಿನ ವಾರ ಎಂಬ ಸುಳ್ಳನ್ನು ನಾವು ಹೇಳುವುದಿಲ್ಲ. ‘ಮನೆ ಅಲ್ಲೇ ಇದೆ ಅಮ್ಮ, ಬೀಗದ ಕೈ ನಿನ್ನ ಹತ್ತಿರವೇ ಇದೆಯಲ್ಲ’ ಎನ್ನುತ್ತೇನೆ. ಸೆರಗಿನ ತುದಿಯನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಕೆಲವು ದಿನ ಅಷ್ಟು ಸಾಕಾಗುತ್ತದೆ, ಕೆಲವು ದಿನ ಸಾಕಾಗುವುದಿಲ್ಲ.

ಇಂಥ ನಿಲಯವನ್ನು ನೋಡಲು ಹೋಗುವವರು ಕೋಣೆಯ ಅಳತೆ, ತಿಂಗಳ ಶುಲ್ಕ, ವೈದ್ಯರು ಬರುವ ದಿನ, ರಾತ್ರಿ ಎಷ್ಟು ಮಂದಿ ಆಯಾಗಳಿರುತ್ತಾರೆ ಎಂಬುದನ್ನು ಕೇಳಿಯೇ ಕೇಳುತ್ತಾರೆ; ಕೇಳಬೇಕು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಳ್ಳಲಿ: ಇಲ್ಲಿರುವವರು ಬೆಳಗಿನಿಂದ ರಾತ್ರಿಯವರೆಗೆ ತಾವಾಗಿ ನಿರ್ಧರಿಸುವುದು ಏನೇನು? ಆ ಪ್ರಶ್ನೆಯನ್ನು ಕಾರ್ಯಾಲಯದಲ್ಲಿ ಕೇಳುವುದಕ್ಕಿಂತ, ಹಜಾರದಲ್ಲಿ ಕುಳಿತಿರುವ ಹಿರಿಯರೊಬ್ಬರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಕೇಳುವುದು ಒಳ್ಳೆಯದು.