ಜೋಳಿಗೆಯ ರೊಕ್ಕ, ಕಾಲೇಜಿನ ಹಾದಿ

ಹುನಗುಂದದ ಕಾಲೇಜಿನ ಪೂರ್ತಿ ಹೆಸರು ಒಂದೇ ಉಸಿರಿಗೆ ಮುಗಿಯುವುದಿಲ್ಲ: ವಿ.ಎಂ.ಎಸ್.ಆರ್. ವಸ್ತ್ರದ ಕಲಾ, ವಿಜ್ಞಾನ ಮತ್ತು ವಿ.ಎಸ್. ಬೆಳ್ಳಿಹಾಳ ವಾಣಿಜ್ಯ ಮಹಾವಿದ್ಯಾಲಯ. ಗುಳೇದಗುಡ್ಡಕ್ಕೆ ಹೋದರೆ ಅಲ್ಲಿಯದು ಭಂಡಾರಿ ಮತ್ತು ರಾಠಿ ಕಾಲೇಜು. ಇಳಕಲ್ಲಿನ ಕಾಲೇಜಿಗೆ ಊರ ಮಠದ ವಿಜಯ ಮಹಾಂತೇಶನ ಹೆಸರು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ಹಲವು ಸಂಸ್ಥೆಗಳ ಮೇಲೆ ಬಸವೇಶ್ವರನ ಹೆಸರಿದೆ. ಈ ಸೀಮೆಯ ಕಾಲೇಜುಗಳ ಫಲಕ ಓದುತ್ತ ಹೋದರೆ ಸಾಕು, ಅವು ಯಾರ ರೊಕ್ಕದಿಂದ, ಯಾರ ಭಕ್ತಿಯಿಂದ ಎದ್ದವು ಎಂಬುದು ತಿಳಿಯುತ್ತದೆ. ಸರ್ಕಾರ ಬಂದು ಕಟ್ಟಲಿ ಎಂದು ಕಾದಿದ್ದರೆ ಇವುಗಳಲ್ಲಿ ಎಷ್ಟೋ ಕಾಲೇಜುಗಳ ಬಾಗಿಲು ಒಂದು ತಲೆಮಾರು ತಡವಾಗಿ ತೆರೆಯುತ್ತಿತ್ತು.

ಕಾಲೇಜು ಕಟ್ಟುವುದು ಒಂದು ಕೆಲಸ. ಬಡವರ ಮನೆಯ ಹುಡುಗಿಯನ್ನು ಆ ಕಾಲೇಜಿನ ಮೆಟ್ಟಿಲು ಹತ್ತಿಸುವುದು ಮತ್ತೊಂದು ಕೆಲಸ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಈ ಎರಡೂ ಕೆಲಸಕ್ಕೆ ರೊಕ್ಕ ಎಲ್ಲಿಂದ ಬಂತು, ಹೇಗೆ ಬಂತು ಎಂದು ಹುಡುಕುತ್ತ ಹೋದರೆ ಸಾವಿರ ವರ್ಷಗಳ ದಾರಿ ತೆರೆದುಕೊಳ್ಳುತ್ತದೆ.

ಮದುವೆಗೆ ಐದು ನಾಣ್ಯ

ಬಾಗಲಕೋಟೆ 1997ರ ಆಗಸ್ಟ್ 15ರವರೆಗೆ ವಿಜಯಪುರ ಜಿಲ್ಲೆಯ ಭಾಗವಾಗಿತ್ತು. ಆ ಹಳೆಯ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ. ಬೇರೆ ಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಓದುವ ದೀಪಕ್ಕೆ 12 ನಿವರ್ತನ ಭೂಮಿ ದತ್ತಿಯಾಗಿ ಬಂದವು. ದತ್ತಿ ಅಷ್ಟಕ್ಕೇ ನಿಲ್ಲಲಿಲ್ಲ. ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ, ಅಂದರೆ ಮಗುವಿನ ಜವಳಕ್ಕೆ, ಒಂದೂವರೆ ನಾಣ್ಯವನ್ನು ಶಾಲೆಗೆ ಕೊಡಬೇಕೆಂದು ಊರವರೇ ಕಟ್ಟು ಮಾಡಿಕೊಂಡರು. ತಮ್ಮ ಮನೆಯ ಪ್ರತಿ ಮಂಗಳಕಾರ್ಯದಲ್ಲೂ ಪರಊರಿನ ವಿದ್ಯಾರ್ಥಿಗೆ ಒಂದು ಪಾಲು ಎತ್ತಿಟ್ಟ ಜನ ಅವರು.

ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವೇದಶಾಸ್ತ್ರ ಓದುವ ಹಕ್ಕಿದ್ದ ಕುಲದವರಿಗೆ ಮಾತ್ರ ಅಲ್ಲಿ ಜಾಗ. ಮುಂದಿನ ಸಾವಿರ ವರ್ಷ ಈ ನಾಡು ಹೊಡೆದಾಡಿದ್ದು ಆ ಬಾಗಿಲನ್ನು ಅಗಲ ಮಾಡುವುದಕ್ಕೆ. ಆದರೆ ವಸತಿ, ದೀಪ, ಊಟ ಇಲ್ಲದೆ ವಿದ್ಯೆ ಇಲ್ಲ, ಅದರ ಖರ್ಚನ್ನು ಊರು ಹೊರಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಅಷ್ಟು ಹಿಂದಿನಿಂದಲೇ ಇತ್ತು.

ಪುಣೆ, ಕೊಲ್ಲಾಪುರಗಳ ಹಾದಿ

ಬ್ರಿಟಿಷರ ಕಾಲಕ್ಕೆ ಬಂದರೆ, 1854ರ ವುಡ್ ವರದಿ ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನ ಕೊಡುವ ಪದ್ಧತಿ ತಂದಿತು. ಇಂದಿನ ‘ಅನುದಾನಿತ ಕಾಲೇಜು’ಗಳ ಬೇರು ಅಲ್ಲಿದೆ. ಆದರೆ ಅನುದಾನ ಸಿಗಬೇಕಾದರೆ ಮೊದಲು ಸಂಸ್ಥೆ ಇರಬೇಕು. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ 1917ರವರೆಗೆ ಸರ್ಕಾರಿ ಕಾಲೇಜೇ ಇರಲಿಲ್ಲ. ಬಾಗಲಕೋಟೆಯ ಹುಡುಗ ಪದವಿ ಓದಬೇಕೆಂದರೆ ಪುಣೆಗೋ ಕೊಲ್ಲಾಪುರಕ್ಕೋ ಹೋಗಬೇಕು. ಮರಾಠಿ ಊರಿನಲ್ಲಿ ಕೋಣೆ ಹಿಡಿಯಬೇಕು, ಖಾನಾವಳಿಗೆ ರೊಕ್ಕ ಕೊಡಬೇಕು. ಅದಿಲ್ಲದವರು ವಾರಾನ್ನಕ್ಕೆ ನಿಲ್ಲಬೇಕು, ದಿನಕ್ಕೊಂದು ಮನೆಯ ಊಟ. ಜಾತಿಯ ಕಾರಣಕ್ಕೆ ವಾರದ ಮನೆಯೂ ಸಿಗದವರು ಹೊರಡುವ ಮಾತೇ ಇರಲಿಲ್ಲ.

ಇದಕ್ಕೆ ಸಮಾಜ ತಾನೇ ದಾರಿ ಹುಡುಕಿತು. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಮೊದಲಾದವರು ಲಿಂಗಾಯತ ವಿದ್ಯಾರ್ಥಿಗಳ ಉನ್ನತ ಓದಿಗೆ ನಿಧಿ ಕಟ್ಟಿದರು. 1904ರಲ್ಲಿ ಹಾನಗಲ್ ಕುಮಾರಸ್ವಾಮಿಗಳ ಪ್ರೇರಣೆಯಿಂದ ವೀರಶೈವ ಮಹಾಸಭೆ ಹುಟ್ಟಿತು. ಅದರ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು ಸಿರಸಂಗಿಯ ಲಿಂಗರಾಜ ದೇಸಾಯಿ. ಎರಡೇ ವರ್ಷಕ್ಕೆ, 1906ರಲ್ಲಿ, ಅವರು ತೀರಿಕೊಂಡರು. ಹೋಗುವ ಮುನ್ನ ಮೃತ್ಯುಪತ್ರ ಬರೆದು ದೇಸಗತಿಯ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಕೊಟ್ಟಿದ್ದರು. ಅದರಿಂದ ಬಂದ ಸಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನ ಮುಂದೆ ಉತ್ತರ ಕರ್ನಾಟಕದ ಅನೇಕ ಮನೆಗಳ ಮೊದಲ ಪದವೀಧರರನ್ನು ಓದಿಸಿತು.

ಅದೇ 1906ರಲ್ಲಿ ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಸ್ವಾಮಿಗಳು ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಕಟ್ಟಿದರು. ಮೂರು ವರ್ಷದ ನಂತರ, 1909ರಲ್ಲಿ, ಬಾದಾಮಿ ಸಮೀಪ ಮಲಪ್ರಭೆಯ ದಂಡೆಯಲ್ಲಿ ಕುಮಾರಸ್ವಾಮಿಗಳು ಶಿವಯೋಗಮಂದಿರ ಆರಂಭಿಸಿದರು. ಒಂದು ವಟುಗಳ ಸಾಧನೆಗೆ, ಇನ್ನೊಂದು ಊರ ಮಕ್ಕಳ ಸಾಲಿಗೆ. ಎರಡಕ್ಕೂ ಭಕ್ತರ ಜೋಳ, ಭಕ್ತರ ರೊಕ್ಕವೇ ಆಸರೆ.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದೂ ಜನರ ವಂತಿಗೆಯ ಬಲದಿಂದ. ರೊದ್ದ ಶ್ರೀನಿವಾಸರಾಯರು ಮತ್ತು ಅರಟಾಳ ರುದ್ರಗೌಡರು ಹಣ ಕೂಡಿಸಿ ಸರ್ಕಾರದ ಮುಂದಿಟ್ಟರು. ಬ್ರಾಹ್ಮಣ ಮುಖಂಡರೊಬ್ಬರು, ಲಿಂಗಾಯತ ಮುಖಂಡರೊಬ್ಬರು ಒಂದೇ ಕೆಲಸಕ್ಕೆ ನಿಂತದ್ದರಿಂದ ಕಾಲೇಜು ಬಾಗಲಕೋಟೆಯ ಹುಡುಗರಿಗೆ ಪುಣೆಗಿಂತ ಬಹಳ ಹತ್ತಿರ ಬಂತು. ಧಾರವಾಡದ ಮುರುಘಾಮಠದ ಪ್ರಸಾದನಿಲಯ ಉಚಿತ ಊಟ, ವಸತಿ ಕೊಟ್ಟಿತು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದಲೇ ಜಾತಿಜಾತಿಯ ವಿದ್ಯಾರ್ಥಿಗಳಿಗೆ ಬೋರ್ಡಿಂಗ್‌ಗಳನ್ನು ಕಟ್ಟಿಸುತ್ತ ಬಂದಿದ್ದರು. ಜಮಖಂಡಿ ಬಳಿಯ ಸಾವಳಗಿಯ ಹುಡುಗ ಬಿ.ಡಿ. ಜತ್ತಿ ಅಲ್ಲಿನ ರಾಜಾರಾಮ ಕಾಲೇಜಿನಲ್ಲಿ ಓದಿ ಮುಂದೆ ದೇಶದ ಉಪರಾಷ್ಟ್ರಪತಿಯಾದರು.

ಪ್ರಸಾದನಿಲಯ ಕೊಟ್ಟದ್ದು ಎರಡು ಹೊತ್ತಿನ ಅನ್ನ ಮಾತ್ರ ಎಂದು ತಿಳಿದರೆ ತಪ್ಪು. ಹಳ್ಳಿಯಿಂದ ಬಂದ ಹುಡುಗನಿಗೆ ಯಾವ ವಿಷಯ ಆರಿಸಬೇಕು, ಫೀ ಕಟ್ಟುವ ದಿನ ಯಾವುದು, ಪರೀಕ್ಷೆಯಲ್ಲಿ ನಪಾಸಾದರೆ ಏನು ಮಾಡಬೇಕು ಎಂದು ಹೇಳುವ ಹಿರಿಯ ವಿದ್ಯಾರ್ಥಿಯೊಬ್ಬ ಪಕ್ಕದ ಚಾಪೆಯಲ್ಲೇ ಇರುತ್ತಿದ್ದ. ಹಣ ಮತ್ತು ಮಾರ್ಗದರ್ಶನ ಒಂದೇ ಸೂರಿನಡಿ ಸಿಗುತ್ತಿದ್ದವು.

ಅಂಬೇಡ್ಕರ್ ತೆರೆದ ಬಾಗಿಲು

ಸಮಾಜದ ನಿಧಿಗೆ ಸಮಾಜದ ಎಲ್ಲೆಯೂ ಇತ್ತು. ಮಠದ ಪಂಕ್ತಿ, ಜಾತಿಯ ಟ್ರಸ್ಟು ಇವುಗಳ ಆಚೆಗೆ ಉಳಿದ ದಲಿತರ ಮಕ್ಕಳಿಗೆ ಕಾಲೇಜಿನ ದಾರಿ ತೆರೆಯಲು ಸರ್ಕಾರವೇ ಬರಬೇಕಾಯಿತು. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಬಿ.ಆರ್. ಅಂಬೇಡ್ಕರ್ ಇದ್ದ ಕಾಲದಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಬರೋಡ ಮಹಾರಾಜರ ವೇತನದಿಂದ 1913ರಲ್ಲಿ ಅಮೆರಿಕಕ್ಕೆ ಹೋಗಿ ಓದಿದ್ದ ಅಂಬೇಡ್ಕರರಿಗೆ, ರಾಜನೊಬ್ಬನ ಔದಾರ್ಯಕ್ಕೂ ಕಾಯಂ ಯೋಜನೆಗೂ ಇರುವ ಅಂತರ ಬದುಕಿನಿಂದಲೇ ಗೊತ್ತಿತ್ತು. ದಾನಿ ಮನಸ್ಸು ಬದಲಾಯಿಸಬಹುದು. ಹಕ್ಕಾಗಿ ಬಂದದ್ದನ್ನು ವಿದ್ಯಾರ್ಥಿ ಕೇಳಿ ಪಡೆಯಬಹುದು.

ಸ್ವಾತಂತ್ರ್ಯದ ನಂತರ ದಾನ ಮತ್ತು ಅನುದಾನ ಜೊತೆಯಾಗಿ ನಡೆದವು. ಊರವರು ನಿವೇಶನ, ಕಟ್ಟಡ ಕೊಟ್ಟರು. ಅಧ್ಯಾಪಕರ ಸಂಬಳಕ್ಕೆ ಸರ್ಕಾರದ ಅನುದಾನ ಬಂತು. ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ ಹುಟ್ಟಿ ಹುನಗುಂದವನ್ನು ಪ್ರತಿನಿಧಿಸಿದ ಎಸ್.ಆರ್. ಕಂಠಿ 1962ರಲ್ಲಿ ಸುಮಾರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದು, ಆಮೇಲೆ ಶಿಕ್ಷಣ ಸಚಿವರಾದರು. ಅವರ ಕಾಲದಲ್ಲಿ, 1963ರಲ್ಲಿ, ವಿಜಯಪುರಕ್ಕೆ ಸೈನಿಕ ಶಾಲೆ ಬಂತು. ಅದೇ ವರ್ಷ ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು.

ಇಳಕಲ್ಲಿನ ಜೋಳಿಗೆ

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಕಾಳನ್ನಲ್ಲ. ಕುಡಿತ, ತಂಬಾಕು, ನಿಮ್ಮ ಚಟ ಯಾವುದಿದೆಯೋ ಅದನ್ನು ಈ ಜೋಳಿಗೆಗೆ ಹಾಕಿ ಎಂದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಈಗ ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಈ ಜೋಳಿಗೆಯನ್ನು ಶಿಕ್ಷಣದ ಚರಿತ್ರೆಯಲ್ಲಿ ಸೇರಿಸುವವರು ಕಡಿಮೆ. ಆದರೆ ದಿನದ ಕೂಲಿಯಲ್ಲಿ ಬದುಕುವ ಮನೆಯ ಲೆಕ್ಕ ನೋಡಿದವರಿಗೆ ಅದರ ಅರ್ಥ ಗೊತ್ತು. ಅಪ್ಪನ ಕುಡಿತ ನಿಂತರೆ ಆ ಮನೆಯಲ್ಲಿ ಉಳಿಯುವ ಮೊದಲ ಉಳಿತಾಯವೇ ಮಕ್ಕಳ ಫೀ.

ಇಳಕಲ್, ಗುಳೇದಗುಡ್ಡಗಳ ನೇಕಾರರ ಮನೆಗೆ ಇನ್ನೊಂದು ಕಷ್ಟವಿದೆ. ಕುಣಿಮಗ್ಗದ ಮುಂದೆ ಒಬ್ಬರು ಕೂತರೂ ಸೀರೆ ಒಬ್ಬರ ಕೆಲಸವಲ್ಲ. ಕಂಡಿಕೆ ಸುತ್ತುವುದು, ಹಾಸು ಸಿದ್ಧಪಡಿಸುವುದು, ತೋಪು–ತೆಣಿ ಕೂಡಿಸಿ ಸೆರಗು ಜೋಡಿಸುವುದು, ಎಲ್ಲದಕ್ಕೂ ಮನೆಮಂದಿಯ ಕೈ ಬೇಕು. ಮಗಳು ಕಾಲೇಜಿಗೆ ಹೋದರೆ ಫೀ ಖರ್ಚಾಗುವುದರ ಜೊತೆಗೆ ಮಗ್ಗದ ಬಳಿ ಒಂದು ಕೈ ಕಡಿಮೆಯಾಗುತ್ತದೆ. ಬಾದಾಮಿ, ಹುನಗುಂದಗಳ ಒಣಬೇಸಾಯದ ಹಳ್ಳಿಗಳಿಂದ ಗೋವಾ, ಮಂಗಳೂರುಗಳಿಗೆ ದುಡಿಯಲು ಹೋಗುವ ಕುಟುಂಬಗಳದ್ದೂ ಇದೇ ಪಾಡು. ಪಿಯುಸಿ ಮುಗಿದ ಮಗ ಓದಲು ಊರಲ್ಲಿ ಉಳಿದರೆ ಅಲ್ಲಿ ಒಬ್ಬ ದುಡಿಯುವವ ಕಡಿಮೆ, ಇಲ್ಲಿ ಅವನನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ವಿದ್ಯಾರ್ಥಿವೇತನದ ಯಾವ ಅರ್ಜಿಯಲ್ಲೂ ಈ ನಷ್ಟವನ್ನು ಬರೆಯುವ ಕಾಲಂ ಇಲ್ಲ.

ಹಣ ಇದೆ, ಕೈ ಹಿಡಿಯುವವರು?

ಇವತ್ತು ಯೋಜನೆಗಳಿಗೆ ಬರವಿಲ್ಲ. ಮೆಟ್ರಿಕ್ ನಂತರದ ವೇತನ ಮುಂದುವರಿದಿದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿಯಲ್ಲಿ ವರ್ಷಕ್ಕೆ ಹತ್ತು ತಿಂಗಳ ನೆರವು. 2021ರಲ್ಲಿ ರೈತ ವಿದ್ಯಾನಿಧಿ ಬಂದಾಗ ಪದವಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ ಗೊತ್ತುಮಾಡಿದ್ದರು. ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ ಓಡುವ ಹಳ್ಳಿಯ ಹುಡುಗಿಗೆ ತಾಲ್ಲೂಕಿನ ಕಾಲೇಜಿಗೆ ಹೋಗಿಬರಲು ಬಸ್ ಚಾರ್ಜು ಇಲ್ಲ. ಯಾರೂ ವಿದ್ಯಾರ್ಥಿವೇತನ ಎಂದು ಕರೆಯದ ವಿದ್ಯಾರ್ಥಿವೇತನ ಅದು.

ಆದರೆ ಈ ಹಣ ಸಿಗಬೇಕಾದರೆ ಎಷ್ಟು ಗಂಟು ಬಿಚ್ಚಬೇಕು! ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ. ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಒಂದೇ ತೆರನಾದ ಹೆಸರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕೊನೆಯ ದಿನದೊಳಗೆ ಅರ್ಜಿ. ಗೋವಾದಲ್ಲಿ ದುಡಿಯುವ, ಓದು ಬಾರದ ಅಪ್ಪ ಇದನ್ನೆಲ್ಲ ಹೇಗೆ ಮಾಡಿಸಿಯಾನು? ಅಂದು ಪ್ರಸಾದನಿಲಯದ ಪಕ್ಕದ ಚಾಪೆಯಲ್ಲಿದ್ದ ಹಿರಿಯ ವಿದ್ಯಾರ್ಥಿಯ ಜಾಗ ಇಂದು ಖಾಲಿ. ಹಣ ನೇರ ಖಾತೆಗೆ ಬರುವಂತೆ ಮಾಡಿದ್ದು ಒಳ್ಳೆಯದೇ. ಆದರೆ ಹಣವನ್ನು ಮಾರ್ಗದರ್ಶನದಿಂದ ಬೇರೆ ಮಾಡಿದ ಮೇಲೆ, ಹಣಕ್ಕೆ ಅನುದಾನ ಉಳಿಯಿತು, ಮಾರ್ಗದರ್ಶನಕ್ಕೆ ಉಳಿಯಲಿಲ್ಲ.

ಅಮೆರಿಕದಲ್ಲಿ ಇದೇ ತೊಡಕಿಗೆ 1960ರ ದಶಕದಲ್ಲೇ ಉತ್ತರ ಹುಡುಕಿದರು. ಬಡತನದ ವಿರುದ್ಧದ ಕಾಯ್ದೆಯಡಿ 1965ರಲ್ಲಿ ಶುರುವಾದ ‘ಅಪ್‌ವರ್ಡ್ ಬೌಂಡ್’ ಯೋಜನೆ ಪಾಠ ಹೇಳುವ, ಕಾಲೇಜು ಆರಿಸಲು ನೆರವಾಗುವ, ಅರ್ಜಿ ತುಂಬಿಸುವ ಸಂಸ್ಥೆಗಳಿಗೆ ಕೇಂದ್ರದ ಅನುದಾನ ಕೊಡುತ್ತದೆ. 1998ರ ‘ಗೇರ್ ಅಪ್’ ಇನ್ನೂ ಹಿಂದಕ್ಕೆ ಹೋಗಿ ಏಳನೇ ತರಗತಿಯೊಳಗೇ ಮಕ್ಕಳ ಕೈ ಹಿಡಿಯುತ್ತದೆ. ನಮ್ಮಲ್ಲೂ ಇದರ ಹೊಳಹಿದೆ. ಧಾರವಾಡದ ‘ವಿದ್ಯಾಪೋಷಕ’ 2001ರಿಂದ ಉತ್ತರ ಕರ್ನಾಟಕದ ಬಡ ಪ್ರತಿಭಾವಂತರಿಗೆ ದಾನಿಗಳ ನೆರವು ತಲುಪಿಸುತ್ತ, ಜೊತೆಗೆ ಇಂಗ್ಲಿಷ್, ಕಂಪ್ಯೂಟರ್, ಸಂದರ್ಶನದ ತರಬೇತಿಯ ಶಿಬಿರಗಳನ್ನು ನಡೆಸುತ್ತ ಬಂದಿದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಇದನ್ನು ಊರೂರಿಗೆ ಹರಡಲು ಹೊಸ ಕಟ್ಟಡ ಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ತಿಂಗಳುಗಳಲ್ಲಿ, ಅದೇ ಊರಿನಿಂದ ಪದವಿ ಮುಗಿಸಿದ ಒಬ್ಬ ಯುವತಿಗೆ ಗೌರವಧನ ಕೊಟ್ಟು ಕೂರಿಸಲಿ. ಯಾವ ಕಾಲೇಜು, ಯಾವ ಹಾಸ್ಟೆಲ್, ಯಾವ ವೇತನ, ಯಾವ ಕಾಗದ ಎಂಬುದನ್ನು ಅವಳು ಹೇಳಲಿ. ಅರ್ಜಿ ತಿರಸ್ಕೃತವಾದರೆ ಬೆನ್ನು ಹತ್ತಲಿ. ನೂರು ವರ್ಷ ದಾಟಿದ ವಿದ್ಯಾವರ್ಧಕ ಸಂಘ, ವಿಜಯ ಮಹಾಂತೇಶ ಮಠ, ಊರ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳು ಇದರ ಅರ್ಧ ಖರ್ಚು ಹೊರಲಿ. ಉಳಿದ ಅರ್ಧ ಸರ್ಕಾರದ್ದು. 2013ರ ಕಂಪನಿ ಕಾಯ್ದೆಯಂತೆ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕಾದ ಕಂಪನಿಗಳು ಈ ಜಿಲ್ಲೆಯಲ್ಲಿದ್ದರೆ ಅವೂ ಕೈ ಜೋಡಿಸಲಿ. ಒಂದೇ ಷರತ್ತು: ಈ ನೆರವಿಗೆ ಜಾತಿಯ ಗೋಡೆ ಇರಕೂಡದು.

ಕಾಲೇಜು ಕಟ್ಟಲು ಊರು ಒಂದಾಗಿತ್ತು. ಫೀ ಕಟ್ಟಲು ಸರ್ಕಾರ ಮುಂದೆ ಬಂತು. ಮನೆಯಲ್ಲಿ ಮೊದಲ ಸಲ ಕಾಲೇಜು ಕಾಣುವ ಮಕ್ಕಳ ಜೊತೆ ನಡೆಯುವ ಮನುಷ್ಯನಿಗೆ ಸಂಬಳ ಕೊಡುವುದು ಇನ್ನುಳಿದ ಕೆಲಸ. ಹಿಂದಿನವರು ಮಾಡಿದ್ದಕ್ಕೆ ಹೋಲಿಸಿದರೆ ಇದು ಸಣ್ಣ ಖರ್ಚು, ಮತ್ತು ಇದನ್ನು ಮುಂದಿನ ಜೂನ್‌ನಲ್ಲೇ ಆರಂಭಿಸಬಹುದು.