ದೇಣಿಗೆ: ಕೇಳುವವರ, ಕೊಡುವವರ ತಪ್ಪು ಲೆಕ್ಕಗಳು

“ನಾನು ಕೊಡೋ ನೂರು ರೂಪಾಯಿಯಲ್ಲಿ ಮಕ್ಕಳಿಗೆ ಮುಟ್ಟೋದು ಎಷ್ಟು?” ದೇಣಿಗೆಗೆಂದು ಮನೆಗೋ ಅಂಗಡಿಗೋ ಹೋದ ಯಾವ ಟ್ರಸ್ಟಿನವರಿಗೂ ಈ ಪ್ರಶ್ನೆ ಹೊಸದಲ್ಲ. ಕೇಳುವ ಹಕ್ಕು ದಾನಿಗೆ ಖಂಡಿತ ಇದೆ. ಆದರೆ ಪ್ರಶ್ನೆಯ ಬೆನ್ನಿಗೆ ಒಂದು ನಂಬಿಕೆ ಅಂಟಿಕೊಂಡಿದೆ. ಸಂಬಳ, ಬಾಡಿಗೆ, ಆಡಿಟ್ ಫೀಸು, ಕಂಪ್ಯೂಟರು ಇವೆಲ್ಲ ಮಕ್ಕಳ ಪಾಲಿನಿಂದ ಕಿತ್ತುಕೊಂಡದ್ದು. ಆಫೀಸಿನ ಖರ್ಚು ಕಡಿಮೆಯಾದಷ್ಟೂ ಸಂಸ್ಥೆ ಪ್ರಾಮಾಣಿಕ. ನಮ್ಮ ಸಣ್ಣ ಸ್ವಯಂಸೇವಾ ಸಂಸ್ಥೆಗಳನ್ನು ಇದರಷ್ಟು ಸೊರಗಿಸಿದ ನಂಬಿಕೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಡ ಮಕ್ಕಳಿಗೆ ಸಂಜೆ ಪಾಠ ನಡೆಸುವ ಒಂದು ಸಂಸ್ಥೆಯನ್ನು ತೆಗೆದುಕೊಳ್ಳಿ. ಅಲ್ಲಿ ಪಾಠ ಹೇಳುವವರ ಸಂಬಳವೇ ಸೇವೆ. ಪಾಠ ನಡೆಯಿತೇ, ಮಕ್ಕಳು ಓದಲು ಕಲಿತರೇ ಎಂದು ಊರೂರು ತಿರುಗಿ ನೋಡುವವರ ಬಸ್ ಚಾರ್ಜು, ಬಂದ ಹಣಕ್ಕೆ ರಸೀದಿ ಬರೆದು ಲೆಕ್ಕ ಇಡುವವರ ಸಂಬಳ ‘ಆಡಳಿತ ವೆಚ್ಚ’ದ ತಲೆಬರಹಕ್ಕೆ ಹೋಗುತ್ತದೆ. ಅದನ್ನು ಕಡಿದರೆ ದಾನಿ ಕೇಳಿದ ಪ್ರಶ್ನೆಗೇ ಉತ್ತರ ಕೊಡುವವರು ಇರುವುದಿಲ್ಲ. ಹಣ ಮಕ್ಕಳಿಗೆ ಮುಟ್ಟಿತೆಂದು ತೋರಿಸಲು ಯಾರಾದರೂ ಲೆಕ್ಕ ಬರೆದಿರಬೇಕಲ್ಲ!

ಅಮೆರಿಕದ ಸ್ಟ್ಯಾನ್‌ಫರ್ಡ್ ಸೋಷಿಯಲ್ ಇನ್ನೊವೇಷನ್ ರಿವ್ಯೂ ಪತ್ರಿಕೆಯಲ್ಲಿ 2009ರಲ್ಲಿ ಆ್ಯನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೊವಾರ್ಡ್ ಈ ವಿಷಚಕ್ರವನ್ನು ಬಿಡಿಸಿಟ್ಟರು. ಆಡಳಿತಕ್ಕೆ ಇಷ್ಟೇ ಸಾಕು ಎಂದು ದಾನಿಗಳು ಅಂದುಕೊಳ್ಳುತ್ತಾರೆ. ಅವರನ್ನು ಕಳೆದುಕೊಳ್ಳುವ ಭಯಕ್ಕೆ ಸಂಸ್ಥೆಗಳು ಖರ್ಚು ಕಡಿಯುತ್ತವೆ, ಕಡಿಯಲಾಗದ್ದನ್ನು ಲೆಕ್ಕದಲ್ಲಿ ಕಡಿಮೆ ತೋರಿಸುತ್ತವೆ. ಆ ಲೆಕ್ಕ ನೋಡಿದ ದಾನಿಗಳಿಗೆ ತಮ್ಮ ಅಂದಾಜೇ ಸರಿ ಎನಿಸುತ್ತದೆ. 2013ರಲ್ಲಿ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಒಟ್ಟಾಗಿ ದಾನಿಗಳಿಗೊಂದು ಬಹಿರಂಗ ಪತ್ರ ಬರೆದವು. ಸಂಸ್ಥೆಗಳ ಬಗ್ಗೆ ದಾನಿಗಳಿಗೆ ಮಾಹಿತಿ ಕೊಡುವುದೇ ಈ ಮೂರರ ಕೆಲಸವಾಗಿತ್ತು. ಆಡಳಿತ ವೆಚ್ಚದ ಶೇಕಡಾವಾರನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ ಎಂಬುದು ಪತ್ರದ ತಿರುಳು.

ನಮ್ಮಲ್ಲಿ ಈ ವಿಷಚಕ್ರ ಬೇರೆ ರೂಪದಲ್ಲಿ ಕಾಣುತ್ತದೆ. ಲೆಕ್ಕಿಗರಿಲ್ಲದ್ದರಿಂದ ತೆರಿಗೆ ನೋಂದಣಿಯ ನವೀಕರಣ ತಪ್ಪುತ್ತದೆ. ಹೋದ ವರ್ಷದ ದಾನಿಗಳ ಹೆಸರೆಲ್ಲ ಕೆಲಸ ಬಿಟ್ಟುಹೋದವರ ಫೋನಿನಲ್ಲಿ ಉಳಿದಿರುತ್ತದೆ. ಪ್ರತಿ ವರ್ಷ ಮೊದಲಿಂದ ಶುರು. ದಾನಿಗಳು ಕೇಳಬೇಕಾದದ್ದು ಏನೆಂದರೆ ಏನು ಕೆಲಸ ಮಾಡಿದಿರಿ, ಅದರಿಂದ ಏನು ಬದಲಾಯಿತು, ಆಡಿಟ್ ಆದ ಲೆಕ್ಕ ತೋರಿಸಿ, ಟ್ರಸ್ಟಿಗಳು ಯಾರು. ಕಳ್ಳರನ್ನು ಹಿಡಿಯಲೂ ಈ ಪ್ರಶ್ನೆಗಳೇ ಮೇಲು, ಏಕೆಂದರೆ ಶೇಕಡಾವಾರನ್ನು ಸುಳ್ಳು ಬರೆಯುವುದು ಎಲ್ಲಕ್ಕಿಂತ ಸುಲಭ.

“ಸಿಎಸ್‌ಆರ್ ಹಣದಲ್ಲಿ ಆಡಳಿತಕ್ಕೆ ಶೇ 5ಕ್ಕಿಂತ ಹೆಚ್ಚು ಬಳಸುವಂತಿಲ್ಲ”

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದ ಬಗ್ಗೆ ಕಂಪನಿಗಳವರೂ ಸಂಸ್ಥೆಗಳವರೂ ಕಾನೂನೇ ಹೀಗಿದೆ ಎಂದು ನಂಬಿ ಬಜೆಟ್ಟು ಬರೆಯುತ್ತಾರೆ. ಆದರೆ ಶೇ 5ರ ಮಿತಿ ಇರುವುದು ಕಂಪನಿಗೆ. ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಕಂಪನಿ ಮಾಡಿಕೊಳ್ಳುವ ಖರ್ಚು, ಒಟ್ಟು ಸಿಎಸ್‌ಆರ್ ವೆಚ್ಚದ ಶೇ 5 ದಾಟಬಾರದು. ಕೆಲಸ ಮಾಡುವ ಸಂಸ್ಥೆಯ ಸಂಬಳ, ಬಾಡಿಗೆಗೆ ಆ ಮಿತಿ ಅನ್ವಯಿಸುವುದಿಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಂಪನಿಯವರ ಜೊತೆ ಮಾತುಕತೆಗೆ ಕೂರುವಾಗ ಆ ಸುತ್ತೋಲೆಯ ಪ್ರತಿ ಕೈಯಲ್ಲಿರಲಿ. ವಿದೇಶಿ ದೇಣಿಗೆಯ ಮಾತು ಬೇರೆ. ಅಲ್ಲಿ ಆಡಳಿತ ವೆಚ್ಚದ ಮಿತಿಯನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿತು, ಮತ್ತು ಅದು ಸಂಸ್ಥೆಗೇ ಅನ್ವಯಿಸುತ್ತದೆ. ಎರಡನ್ನೂ ಕಲಸಿಕೊಳ್ಳಬಾರದು.

ಸಿಎಸ್‌ಆರ್ ಎಂದರೆ ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳು ಎಂಬ ಇನ್ನೊಂದು ಗ್ರಹಿಕೆಯಿದೆ. ಜಿಲ್ಲಾ ಕೇಂದ್ರದ ಸಂಸ್ಥೆಗಳೂ ಅದೇ ನಾಲ್ಕಾರು ಕಂಪನಿಗಳಿಗೆ ಅರ್ಜಿ ಹಾಕಿ ಉತ್ತರವಿಲ್ಲದೆ ಕೂರುತ್ತವೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು ಹೇಳುವುದು, ಹಿಂದಿನ ವರ್ಷ 500 ಕೋಟಿಯ ನಿವ್ವಳ ಆಸ್ತಿ, ಇಲ್ಲವೇ 1000 ಕೋಟಿಯ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ವಿನಿಯೋಗಿಸಬೇಕು ಎಂದು. ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು. 5 ಕೋಟಿ ಲಾಭ ಮಾಡುವ ಕಂಪನಿ ಪೀಣ್ಯದಲ್ಲೂ ಇರಬಹುದು, ಬೆಳಗಾವಿಯ ಫೌಂಡ್ರಿಗಳ ನಡುವೆಯೂ ಇರಬಹುದು. ಅಂಥ ಕಂಪನಿಗೆ ಹೋಗುವುದರಲ್ಲಿ ಎರಡು ಅನುಕೂಲ. ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಜೊತೆಗೆ, ವರ್ಷಕ್ಕೆ ತೆಗೆದಿಡಬೇಕಾದ ಮೊತ್ತ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಕಿಲ್ಲ. ನಿರ್ದೇಶಕರ ಮಂಡಳಿಯೇ ತೀರ್ಮಾನಿಸುತ್ತದೆ. ಎಷ್ಟೋ ಕಡೆ ಎಂ.ಡಿ. ಜೊತೆ ನೇರವಾಗಿ ಕೂತು ಮಾತಾಡಬಹುದು. ಆದರೆ ಸಂಸ್ಥೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಮೂರು ವರ್ಷ ಕೆಲಸ ಮಾಡಿದ ದಾಖಲೆ, ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಇಟ್ಟುಕೊಂಡಿರಬೇಕು.

“ದೊಡ್ಡ ಅಂಕಿ ಹೇಳಿದರೆ ಜನ ಕೊಡುತ್ತಾರೆ”

ಮನವಿಪತ್ರದ ಮೊದಲ ಸಾಲಿನಲ್ಲೇ ಲಕ್ಷ, ಕೋಟಿಗಳಲ್ಲಿ ಸಂಕಟವನ್ನು ಎಣಿಸುವುದು ನಮ್ಮ ರೂಢಿ. ಆದರೆ ಸಂಶೋಧಕರಾದ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್, ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಆಫ್ರಿಕಾದ ಹಸಿವಿನ ಅಂಕಿಅಂಶ ಕೊಟ್ಟರು, ಕೆಲವರಿಗೆ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ವಿಷಯ ಹೇಳಿದರು. ಹುಡುಗಿಯ ವಿಷಯ ಓದಿದವರು ಸರಾಸರಿ ಎರಡು ಪಟ್ಟಿಗಿಂತ ಹೆಚ್ಚು ಕೊಟ್ಟರು. ಕಥೆಯ ಜೊತೆ ಅಂಕಿಯನ್ನೂ ಸೇರಿಸಿ ಕೊಟ್ಟಾಗ ದೇಣಿಗೆ ಮತ್ತೆ ಇಳಿಯಿತು! ಅಂಕಿಅಂಶ ವರದಿಯಲ್ಲಿರಲಿ, ಮನವಿಯಲ್ಲಿ ಒಬ್ಬರ ಬದುಕಿರಲಿ. ಹಾಗೆಂದು ಮಗುವಿನ ಅಳುವ ಮುಖದ ಫೋಟೊ ಹಾಕಿ ಕನಿಕರ ಮಾರುವುದನ್ನು ನಾನು ಒಪ್ಪಲಾರೆ. ಹೆಸರು ಬದಲಿಸಿ, ಆ ಮನೆಯವರ ಒಪ್ಪಿಗೆ ಪಡೆದು ಬರೆದ ನಾಲ್ಕು ಸಾಲು ಸಾಕು.

ವಿಡಿಯೊ ವೈರಲ್ ಆದರೆ ವರ್ಷದ ಚಿಂತೆ ತೀರಿತೆಂಬ ಆಸೆಯೂ ಹೊಸದಾಗಿ ಸೇರಿಕೊಂಡಿದೆ. ತಲೆಗೆ ಐಸ್ ನೀರು ಸುರಿದುಕೊಳ್ಳುವ ವಿಡಿಯೊಗಳಿಂದ ವೈರಲ್ ಆದ 2014ರ ಐಸ್ ಬಕೆಟ್ ಚಾಲೆಂಜ್‌ನಿಂದ ನರರೋಗವೊಂದಕ್ಕಾಗಿ ಕೆಲಸ ಮಾಡುವ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ 11.5 ಕೋಟಿ ಡಾಲರ್ ಬಂತು, ಮರುವರ್ಷದ ಪ್ರಯತ್ನಕ್ಕೆ ಬಂದದ್ದು ಅದರ ಅತಿ ಸಣ್ಣ ಅಂಶ. ಅದರ ಬದಲು, ಸಂಬಳದ ದಿನ ಯುಪಿಐ ಆಟೊಪೇ ಮೂಲಕ ತಾನಾಗಿ ಬರುವ ಮುನ್ನೂರು ರೂಪಾಯಿಯ ದಾನಿಗಳು ಹೆಚ್ಚಿದಷ್ಟೂ ಸಂಸ್ಥೆಗೆ ಮುಂದಿನ ತಿಂಗಳ ಖರ್ಚಿನ ಅಂದಾಜು ಸಿಗುತ್ತದೆ.

ಕೇಳುವುದೆಂದರೆ ಕೈಚಾಚುವುದು, ಒಳ್ಳೆಯ ಕೆಲಸಕ್ಕೆ ಹಣ ತಾನಾಗಿ ಬರುತ್ತದೆ ಎನ್ನುವ ಹಿರಿಯ ಟ್ರಸ್ಟಿಗಳಿಗೆ ನಾನು ನೆನಪಿಸುವುದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು. ಮಠದ ಮಕ್ಕಳ ಊಟಕ್ಕಾಗಿ ಅವರು ಹಳ್ಳಿಹಳ್ಳಿ ತಿರುಗಿ ಧಾನ್ಯ ಕೇಳಿದರು. ದಾನದ ಬಗ್ಗೆ ನಡೆದ 500ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ ಸಂಶೋಧಕರಾದ ಬೆಕ್ಕರ್ಸ್ ಮತ್ತು ವೀಪ್‌ಕಿಂಗ್ 2011ರಲ್ಲಿ ಜನ ಕೊಡಲು ಎಂಟು ಕಾರಣಗಳನ್ನು ಗುರುತಿಸಿದರು. ಯಾರಾದರೂ ಕೇಳುವುದು ಅವುಗಳಲ್ಲೊಂದು.

“80ಜಿ ಇದ್ದರೆ ಕೊಟ್ಟದ್ದೆಲ್ಲ ತೆರಿಗೆಯಲ್ಲಿ ವಾಪಸು”

ಇಲ್ಲ. ಸಾಮಾನ್ಯ ಟ್ರಸ್ಟುಗಳಿಗೆ ಕೊಟ್ಟ ದೇಣಿಗೆಯ ಅರ್ಧ ಮಾತ್ರ, ಅದೂ ಒಂದು ಮಿತಿಯೊಳಗೆ, ಆದಾಯದಿಂದ ಕಳೆಯುತ್ತದೆ. ಶೇ 20ರ ತೆರಿಗೆ ಹಂತದವರು ಹತ್ತು ಸಾವಿರ ಕೊಟ್ಟರೆ ಉಳಿಯುವುದು ಸುಮಾರು ಸಾವಿರ. ನಗದು ಎರಡು ಸಾವಿರ ದಾಟಿದರೆ ವಿನಾಯಿತಿಯಿಲ್ಲ. ಅಕ್ಕಿ, ಬಟ್ಟೆ ಕೊಟ್ಟರೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೂ ಇಲ್ಲ. ಮಾರ್ಚ್ ತಿಂಗಳ ಮನವಿಯನ್ನು ತೆರಿಗೆ ಉಳಿತಾಯದ ಮೇಲೆಯೇ ನಿಲ್ಲಿಸಿದ ಸಂಸ್ಥೆಗಳು ಬೇರೆ ಮಾತು ಹುಡುಕಿಕೊಳ್ಳಬೇಕು.

ಕೊನೆಯ ತಪ್ಪು ಲೆಕ್ಕ ಹೊರದೇಶದ ಕನ್ನಡಿಗರ ದೇಣಿಗೆಯದು. ಅಮೆರಿಕದಿಂದ ಬರುವ ಹಣವೆಲ್ಲ ವಿದೇಶಿ ದೇಣಿಗೆ ಎಂದು ಹೆದರಿ ಹಲವು ಸಂಸ್ಥೆಗಳು ಬೇಡವೆನ್ನುತ್ತವೆ. ಎಲ್ಲಿಂದ ಬಂತೆಂಬುದಕ್ಕಿಂತ ಕೊಟ್ಟವರು ಯಾವ ದೇಶದ ಪೌರರೆಂಬುದು ಇಲ್ಲಿ ಮುಖ್ಯ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಒಸಿಐ ಕಾರ್ಡ್ ಇಟ್ಟುಕೊಂಡು ರಜೆಗೆ ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ಖಾತೆ ಸಂಖ್ಯೆ ಕಳಿಸುವ ಮೊದಲೇ ಪಾಸ್‌ಪೋರ್ಟಿನ ಪ್ರತಿ ಕೇಳಿ ಪಡೆದು, ರಸೀದಿಯ ನಕಲಿನ ಜೊತೆ ಫೈಲಿನಲ್ಲಿ ಇಟ್ಟುಕೊಳ್ಳಿ.